ಮಿಣುಕುಹುಳದ ತೀರ್ಪು

ಆ ಭಾನುವಾರ ಬೆಳಿಗ್ಗೆ ಅವನು ಅಡುಗೆ ಕಟ್ಟೆಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಮೂಸಿ ನೋಡದಿದ್ದರೆ ಏನೂ ಆಗುತ್ತಿರಲಿಲ್ಲ.

"ಜಿಡ್ಡು" ಎಂದ.

ಹೆಂಡತಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಈಗ ತಾನೇ ಒರೆಸಿದೀನಿ."

"ಒರೆಸೋದು ಬೇರೆ, ಸ್ವಚ್ಛ ಮಾಡೋದು ಬೇರೆ ಕಣೇ."

ಆಸ್ಪತ್ರೆಯಲ್ಲಿ ಸ್ವಚ್ಛತೆ ಪರೀಕ್ಷಿಸುವುದೇ ಅವನ ಉದ್ಯೋಗ. ಮನೆಯಲ್ಲಿ ಯಾವ ಸೋಫಾ ಕೊಳ್ಳಬೇಕು, ಮಗಳು ಯಾವ ಶಾಲೆಗೆ ಹೋಗಬೇಕು ಎಂಬುದನ್ನೆಲ್ಲ ಹೆಂಡತಿ ತೀರ್ಮಾನಿಸುತ್ತಿದ್ದಳು. ಕೊಳೆಯ ವಿಷಯದಲ್ಲಿ ಮಾತ್ರ ಅವನದೇ ಕೊನೆಯ ಮಾತು. ಪಾಪ, ಅವನಿಗೆ ಇದ್ದದ್ದು ಅದೊಂದೇ ದರ್ಬಾರು.

"ಹಾಗಾದ್ರೆ ಅರ್ಧ ಕಟ್ಟೆ ನಾನು ಒರೆಸ್ತೀನಿ, ಅರ್ಧ ನೀವು. ನಿಮ್ಮ ಮಿಷನ್ನೇ ಹೇಳ್ಲಿ" ಎಂದಳು ಅವಳು. "ನೀವು ಸೋತ್ರೆ ಇನ್ನು ಜನ್ಮದಲ್ಲಿ ನನ್ನ ಅಡುಗೆಮನೆ ಬಗ್ಗೆ ತುಟಿ ಬಿಚ್ಚಬಾರದು."

ಅವನು ನಕ್ಕ. ಸೋಲುವ ಮಾತೇ ಇರಲಿಲ್ಲ.

ಆಸ್ಪತ್ರೆಗೆ ಕೊಳೆ ಅಳೆಯುವ ಹೊಸ ಮಿಷನ್ ಬಂದಮೇಲೆ ಹಳೆಯದು ಅವನ ಬೀರು ಸೇರಿತ್ತು. ಒಂದು ಹತ್ತಿಕಡ್ಡಿಯನ್ನು ಜಾಗಕ್ಕೆ ಉಜ್ಜಿ, ನಳಿಕೆಯಲ್ಲಿ ಅದ್ದಿ, ಮಿಷನ್ನಿನೊಳಗೆ ಇಟ್ಟರೆ ಆಯಿತು. ನಳಿಕೆಯೊಳಗೆ ಇರುವುದು ಮಿಣುಕುಹುಳವನ್ನು ಮಿಣುಕಿಸುವ ಪ್ರೋಟೀನು. ಆಹಾರದ ಚೂರೋ ಎಂಜಲೋ ರೋಗಾಣುವೋ, ಜೀವದ ಅಂಶ ಎಳ್ಳಷ್ಟು ತಗುಲಿದರೂ ಅದು ಬೆಳಗುತ್ತದೆ. ಮಿಷನ್ ಆ ಬೆಳಕನ್ನು ಅಳೆದು ಅಂಕಿ ತೋರಿಸುತ್ತದೆ. ಹತ್ತರೊಳಗೆ ಬಂದರೆ ಅಲ್ಲಿ ಆಪರೇಷನ್ ಮಾಡಬಹುದು. ನೂರು ದಾಟಿದರೆ ಮತ್ತೆ ತೊಳೆಯಬೇಕು.

ಸುದ್ದಿ ಮೆಟ್ಟಿಲು ಹತ್ತಿಳಿಯಲು ಎಷ್ಟು ಹೊತ್ತು? ಮೇಲಿನ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಹೆಂಡತಿಸಮೇತ ಬಂದರು. ಕೆಳಗಿನ ಮನೆಯ ಹೆಡ್ ನರ್ಸ್ ಬಂದರು. ಆಸ್ಪತ್ರೆಯಲ್ಲಿ ಅವನ ಮೇಲಧಿಕಾರಿಯೂ ಅವರೇ.

"ಮೊದಲು ನನ್ನ ಹಲ್ಲು ನೋಡಪ್ಪ" ಎಂದು ಪೋಸ್ಟ್‌ಮ್ಯಾನ್ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ಕಳಚಿ ಮುಂದೆ ಹಿಡಿದರು. ಮಿಷನ್ ಸಾವಿರದ ಮೇಲೆ ಹೋಯಿತು. ಅವರ ಹೆಂಡತಿ ಒಂದು ಹೆಜ್ಜೆ ದೂರ ಸರಿದು ನಿಂತರು. ಆ ಹೆಂಡತಿಯೇ ತಂದ ತರಕಾರಿ ಹೆಚ್ಚುವ ಮಣೆ ಹಲ್ಲನ್ನೂ ಮೀರಿಸಿತು. ಹೆಡ್ ನರ್ಸ್ ಅವರ ಫೋನು ಮಣೆಯನ್ನೇ ಹಿಂದೆ ಹಾಕಿತು.

ಪ್ರತಿ ಅಂಕಿಗೂ ಅವನು "ಛೆ, ಛೆ" ಎನ್ನುತ್ತಿದ್ದ. ಆ ಛೆ ಕೇಳಿ ಕೇಳಿ ಎಲ್ಲರಿಗೂ ಮೈ ಉರಿಯಿತು.

"ಸಾಕು, ಈಗ ನಿಮ್ಮ ಕೈಚಳಕ ತೋರ್ಸಿ. ಕಡ್ಡಿ ನಾನೇ ಹಿಡೀತೀನಿ" ಎಂದರು ಹೆಡ್ ನರ್ಸ್.

ಹೆಂಡತಿ ತನ್ನ ಅರ್ಧವನ್ನು ಸೋಪಿನ ನೀರಲ್ಲಿ ಒರೆಸಿ, ಒಣ ಬಟ್ಟೆ ಆಡಿಸಿ ಹಜಾರಕ್ಕೆ ಬಂದು ಕೂತಳು. ಅವನು ಅಂಗಿಯ ತೋಳು ಮಡಚಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಪಾತ್ರೆ ತಿಕ್ಕುವ ಸ್ಪಂಜಿನಿಂದ ತನ್ನ ಅರ್ಧವನ್ನು ಬೆವರು ಸುರಿಯುವಂತೆ ಉಜ್ಜಿದ. ಒಮ್ಮೆ ನೋಡಿಬಿಡೋಣವೆಂದು ಗುಟ್ಟಾಗಿ ಕಡ್ಡಿ ಹಾಕಿದ. ಮುನ್ನೂರು ಚಿಲ್ಲರೆ.

ಸ್ಪಂಜಿನಲ್ಲಿದ್ದ ವಾರದ ಕೊಳೆಯನ್ನೆಲ್ಲ ತಾನೇ ಕಟ್ಟೆಗೆ ಬಳಿದಿದ್ದ. ಮತ್ತೆ ತೊಳೆಯಲು ಪುರುಸೊತ್ತಿರಲಿಲ್ಲ. ಹೊರಗೆ ಪೋಸ್ಟ್‌ಮ್ಯಾನ್ ಆಗಲೇ ಬಾಗಿಲು ತಟ್ಟುತ್ತಿದ್ದರು.

ಸಿಂಕಿನ ಕೆಳಗೆ ಬ್ಲೀಚ್ ಬಾಟಲಿ ಕಣ್ಣಿಗೆ ಬಿತ್ತು. ಬ್ಲೀಚಿನ ಪಸೆ ಉಳಿದರೆ ಮಿಣುಕುಹುಳದ ಪ್ರೋಟೀನು ಕೆಟ್ಟುಹೋಗುತ್ತದೆ. ಆಮೇಲೆ ಕೊಳೆ ಎಷ್ಟಿದ್ದರೂ ಅದು ಬೆಳಗುವುದಿಲ್ಲ. ಹೋದ ತಿಂಗಳಷ್ಟೇ ಆಸ್ಪತ್ರೆಯಲ್ಲಿ ಈ ಕಳ್ಳಾಟ ಆಡಿದ ಒಬ್ಬನ ಕೆಲಸ ಹೋಗಿತ್ತು. ಹಿಡಿದುಕೊಟ್ಟವನು ಇವನೇ. ಇವನು ಎರಡು ಮುಚ್ಚಳ ಸುರಿದು ಸವರಿ, ಬಾಗಿಲು ತೆಗೆದ.

ಹೆಂಡತಿಯ ಅರ್ಧಕ್ಕೆ ಹದಿನಾಲ್ಕು ಬಂತು. ಪೋಸ್ಟ್‌ಮ್ಯಾನ್ ಚಪ್ಪಾಳೆ ತಟ್ಟಿದರು. ಅವನ ಅರ್ಧಕ್ಕೆ ಸೊನ್ನೆ.

ಹೆಡ್ ನರ್ಸ್ ಸೊನ್ನೆಯನ್ನು ನೋಡಿದರು, ಕಟ್ಟೆಯನ್ನು ನೋಡಿದರು, ಆಮೇಲೆ ಅವನ ಹೆಂಡತಿಯ ಮುಖ ನೋಡಿದರು. "ನನ್ನ ಆಪರೇಷನ್ ಥಿಯೇಟರಲ್ಲೂ ಸೊನ್ನೆ ಕಂಡಿಲ್ಲ" ಎಂದರು.

ಅವನು ಮೀಸೆ ನೇವರಿಸಿಕೊಂಡ. "ಅಭ್ಯಾಸ ಸಿಸ್ಟರ್, ಅಷ್ಟೇ."

"ನಾನು ಸೋತೆ ಕಣ್ರೀ" ಎಂದಳು ಹೆಂಡತಿ. ಮುಖದಲ್ಲಿ ಸೋತ ಕಳೆ ಮಾತ್ರ ಇರಲಿಲ್ಲ. "ನನ್ನ ಕೈಲಿ ಸೊನ್ನೆ ತರೋಕೆ ಯಾವತ್ತೂ ಆಗಲ್ಲ. ಮಗು ಉಣ್ಣೋ ಜಾಗ ಅದು. ಇವತ್ತಿಂದ ಕಟ್ಟೆ, ಪಾತ್ರೆ, ಸಿಂಕು ಎಲ್ಲಾ ನಿಮ್ದೇ." ಬಟ್ಟೆಯನ್ನು ಅವನ ಹೆಗಲ ಮೇಲೆ ಹಾಕಿದಳು.

"ನಾಳೆಯಿಂದ ಥಿಯೇಟರಿನ ಟೇಬಲ್ಲೂ ಇವರೇ ತೊಳೀಲಿ. ನಾನು ಪಕ್ಕದಲ್ಲೇ ನಿಂತು ಕಲ್ತ್ಕೋತೀನಿ" ಎಂದರು ಹೆಡ್ ನರ್ಸ್.

ಎಲ್ಲರೂ ಹೋದಮೇಲೆ ಅವನು ಹೆಂಡತಿಯ ಪಕ್ಕ ಕೂತು ಗಂಟಲು ಸರಿಮಾಡಿಕೊಂಡ. ನಾಚಿಕೆಗಿಂತ ಪಾತ್ರೆಗಳ ರಾಶಿಯೇ ಅವನನ್ನು ಹೆಚ್ಚು ಹೆದರಿಸಿತ್ತು. "ನೋಡು, ನಿಜ ಹೇಳ್ಬಿಡ್ತೀನಿ. ನಾನು ಗೆದ್ದಿಲ್ಲ. ಅದು ಬ್ಲೀಚು."

"ಗೊತ್ತು. ಬಾಗಿಲು ತೆಗೆದ ತಕ್ಷಣ ವಾಸನೆ ಹಜಾರದ ತನಕ ಬಂತು."

"ಸಿಸ್ಟರ್‌ಗೆ?"

"ಅವರಿಗೆ ಗೊತ್ತಾಗದೆ ಇರುತ್ತಾ? ಹೋಗ್ತಾ ನನ್ನ ಕಿವೀಲಿ ಹೇಳಿದ್ರು. ಈಗ ಬಾಯಿಬಿಟ್ರೆ ಒಂದು ದಿನದ ನಗು, ಸುಮ್ನಿದ್ರೆ ಇಬ್ರಿಗೂ ವರ್ಷವಿಡೀ ಆರಾಮು ಅಂತ." ಅವಳು ಸೋಫಾದ ಮೇಲೆ ಕಾಲು ಚಾಚಿದಳು. "ಏಳಿ, ಮಗಳು ಆಟ ಮುಗ್ಸಿ ಊಟಕ್ಕೆ ಬರೋ ಹೊತ್ತಾಯ್ತು. ಕಟ್ಟೆ ಚೆನ್ನಾಗಿ ತೊಳೀರಿ, ಅದರ ಮೇಲೆಲ್ಲ ಬ್ಲೀಚಿದೆ."