ನನ್ನ ಬಿಳಿ ಬೆರಳುಗಳು

ರೋಗಗಳಲ್ಲೂ ಮಾನವಂತ ರೋಗ, ಮಾನಗೇಡಿ ರೋಗ ಎಂದು ಎರಡು ಜಾತಿ ಇವೆ. ಸಕ್ಕರೆ ಕಾಯಿಲೆ ಮಾನವಂತ ರೋಗ. ಅದನ್ನು ಮದುವೆ ಊಟದ ಪಂಕ್ತಿಯಲ್ಲಿ ಕೂತು ಹೇಳಿಕೊಳ್ಳಬಹುದು, ಹೇಳಿಕೊಳ್ಳುತ್ತಲೇ ಇನ್ನೊಂದು ಜಿಲೇಬಿ ಹಾಕಿಸಿಕೊಳ್ಳಬಹುದು. ಬಿಪಿ ಇದ್ದವರಿಗೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಹಾರ್ಟಿನ ಆಪರೇಶನ್ ಆದವರಂತೂ ಅಂಗಿಯ ಗುಂಡಿ ಬಿಚ್ಚಿ ಹೊಲಿಗೆ ತೋರಿಸುತ್ತಾರೆ. ಆದರೆ ಮೈಮೇಲೆ ಒಂದು ಬಿಳಿ ಮಚ್ಚೆ ಎದ್ದಿತೋ, ಮುಗಿಯಿತು. ನೋವಿಲ್ಲ, ತುರಿಕೆಯಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇಷ್ಟು ಬಡಪಾಯಿ ರೋಗ ಇನ್ನೊಂದಿಲ್ಲ. ಆದರೂ ತೊನ್ನು ಎಂಬ ಶಬ್ದ ಆಡುವಾಗ ಜನ ದನಿ ತಗ್ಗಿಸುತ್ತಾರೆ. ಜ್ವರ ಬಂದರೆ ಹಣೆ ಮುಟ್ಟಿ ನೋಡುವವರೇ ಇದನ್ನು ಕಂಡರೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ನನಗೆ ಅದು ಬಂದದ್ದು ನಲವತ್ತು ದಾಟಿದ ಮೇಲೆ. ಮೊದಲು ಬಲಗೈ ಬೆರಳುಗಳ ತುದಿ, ಎಷ್ಟೋ ಕಾಲದ ಮೇಲೆ ಎಡಗಣ್ಣಿನ ರೆಪ್ಪೆ. ಹಳೇ ಹುಬ್ಬಳ್ಳಿಯ ಒಂದು ಸಾಲೆಯಲ್ಲಿ ಗಣಿತ ಕಲಿಸುವವಳು ನಾನು. ಬೆರಳಿಗೆ ಸದಾ ಸೀಮೆಸುಣ್ಣ ಮೆತ್ತಿರುತ್ತಿದ್ದರಿಂದ ಬಹಳ ದಿನ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಸಾಲೆಗೆ ಬೆರಳಿನಿಂದ ಮುಟ್ಟಿದರೆ ಬರೆಯುವ ಹೊಸ ನಮೂನೆಯ ಬೋರ್ಡು ಬಂತು, ನನ್ನ ಗುಟ್ಟು ಬಯಲಾಯಿತು. ಸಲಹೆಗೆ ಬರವೇ? ಹಾಲು ಮೀನು ಕೂಡಿಸಿ ತಿಂದಿರಬೇಕು ಎಂದರು. ನಾನು ಮೀನು ಮುಟ್ಟಿದವಳೇ ಅಲ್ಲ. ನಾಗರಹಾವು ಹೊಡೆದಿರಬೇಕು ಎಂದರು. ನಾನು ಹಲ್ಲಿ ಕಂಡರೆ ಮಂಚ ಹತ್ತುವವಳು. ಪಕ್ಕದ ಮನೆಯ ಖೈರುನ್ನಿಸಾ ಒಬ್ಬಳೇ ಕೆಲಸಕ್ಕೆ ಬರುವ ಮಾತು ಹೇಳಿದಳು: "ಮೇಡಂ, ಈಗ ಇದಕ್ಕ ಲೈಟಿನ ಪೆಟಗಿ ಬಂದೈತ್ರಿ. ನಮ್ಮ ಅಣ್ಣನ ಮಗಳ ಮಾರಿ ಹೊಳ್ಳಿ ಮೊದಲಿನಂಗ ಆಗೈತಿ. ಲಗೂ ಹೋಗ್ರಿ."

ನನಗೆ ಲಗೂ ಹೋಗುವ ಕಾರಣವೂ ಇತ್ತು. ವಿದ್ಯಾ ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಹುಡುಗಿ ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದಳು. ಅಂದಿನಿಂದ ನನ್ನ ಮನೆಯಲ್ಲೇ ಬೆಳೆದು, ಓದಿ, ಈಗ ಮದುವೆಗೆ ನಿಂತಿದ್ದಳು. ಅರಿಷಿಣ ಹಚ್ಚುವ ಶಾಸ್ತ್ರ ಅವಳಪ್ಪನ ಊರಾದ ಗರಗದಲ್ಲಿ. ತಾಯಿಯಿಲ್ಲದ ಹುಡುಗಿಗೆ ಮೊದಲ ಅರಿಷಿಣ ನಾನು ಹಚ್ಚಬೇಕು ಎಂಬುದು ನನ್ನ ಆಸೆ. ಆಸೆಯೇನು, ಹಟ. ಆದರೆ ಅಲ್ಲಿ ಯಜಮಾನಿಕೆ ಅವಳ ಸೋದರತ್ತೆ ಗಂಗಕ್ಕನದು. ಬೆರಳು ಬೆಳ್ಳಗಾದಂದಿನಿಂದ ಆ ಮನೆಯ ಪ್ರತಿ ಕಾರ್ಯದಲ್ಲೂ ಗಂಗಕ್ಕ ನನ್ನ ಕೈಗೆ ಸಾಮಾನಿನ ಖೋಲಿಯ ಕೀಲಿ ಕೊಟ್ಟು, "ನಿನ್ನಂಥಾ ನಂಬಿಗಸ್ಥರು ಯಾರದಾರವಾ, ಇಲ್ಲೇ ಕುಂದ್ರು" ಎನ್ನುತ್ತಾಳೆ. ಹೀಗೆ ಹಲವು ಮದುವೆಗಳನ್ನು ನಾನು ಬೆಲ್ಲದ ಪೆಂಟೆ, ಎಣ್ಣೆ ಡಬ್ಬಿಗಳ ನಡುವೆ ಕೂತು, ಬರೀ ವಾಲಗದ ಸದ್ದು ಕೇಳಿಯೇ ಕಣ್ತುಂಬಿಕೊಂಡಿದ್ದೇನೆ. ಅವಮಾನವನ್ನು ಇಷ್ಟು ಮರ್ಯಾದೆಯಿಂದ ಮಾಡುವ ಕಲೆ ನಮ್ಮ ಕಡೆಯವರಿಗೇ ಸಿದ್ಧಿಸಿದ್ದು.

ದೇಶಪಾಂಡೆ ನಗರದ ಆ ಚರ್ಮದ ದವಾಖಾನೆಗೆ ಹೋದೆ. ಕಾಯುವ ಕುರ್ಚಿಗಳ ಮೇಲೆ ಅರ್ಧ ಮಂದಿ ಬೆಳ್ಳಗಾಗಲು ಬಂದವರು, ಉಳಿದವರು ನನ್ನಂತೆ ಬಿಳುಪು ಕಳೆದುಕೊಳ್ಳಲು ಬಂದವರು. ದೇವರು ನಮ್ಮನ್ನು ಅದಲುಬದಲು ಮಾಡಿದ್ದರೆ ಡಾಕ್ಟರಿಗೇ ಕೆಲಸ ಇರುತ್ತಿರಲಿಲ್ಲ. ಲೇಸರ್ ಹೊಡೆಸಿ ಮೊಡವೆಯ ಕಲೆ ತೆಗೆಸುವ ಹುಡುಗಿಯರು ಧೈರ್ಯವಾಗಿ ಮೊಬೈಲ್ ನೋಡುತ್ತಿದ್ದರು. ನಾವು ಸೆರಗಿನೊಳಗೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದೆವು. ಲೈಟಿನ ಪೆಟ್ಟಿಗೆ ಎಂದರೆ ನೆಟ್ಟಗೆ ನಿಲ್ಲಿಸಿದ ಕಪಾಟು. ಒಳಗೆ ಸುತ್ತಲೂ ಉದ್ದುದ್ದ ದೀಪ. ಕಣ್ಣು ಮುಚ್ಚಿ ನಿಲ್ಲಬೇಕು. ನಮ್ಮ ಮನೆಯವರು ಹೊರಗೆ ಕೂತು ಕಾದು ಬೇಸತ್ತು, "ಬ್ಯಾಸಿಗ್ಯಾಗ ಹುಬ್ಬಳ್ಳಿ ಬಿಸಲು ಪುಕ್ಕಟ ಸಿಗತಿತ್ತು. ಈಗ ನೋಡು, ಬಿಸಲಿಗೂ ಪಾಳಿ ಹಚ್ಚಬೇಕು" ಎಂದರು. ಆದರೂ ಒಂದು ದಿನ ತಪ್ಪದೆ ಕರೆದುಕೊಂಡು ಹೋದರು.

ಲೈಟು, ಮುಲಾಮು ಎಲ್ಲ ಕೂಡಿ ರೆಪ್ಪೆಗೆ ಬಣ್ಣ ಬಂತು. ಮೊದಲು ಸಾಸಿವೆಯಷ್ಟು ಕಂದು ಚುಕ್ಕೆ, ಬರಬರುತ್ತ ಪೂರ್ತಿ. ಕನ್ನಡಿಯ ಮುಂದೆ ನಿಂತು ಹುಚ್ಚಿಯ ಹಾಗೆ ನಕ್ಕೆ. ಬೆರಳುಗಳು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಡಾಕ್ಟರಮ್ಮ ಸಮಾಧಾನ ಹೇಳಿದರು: "ಬೆರಳ ತುದಿ ಭಾಳ ಹಟಮಾರಿ ಇರ್ತಾವ್ರಿ. ಆದ್ರ ಮಚ್ಚಿ ಬೆಳಿಯೋದು ನಿಂತು ವರ್ಷದ ಮ್ಯಾಲಾಗೇತಿ, ಈಗ ಆಪರೇಶನ್ ಮಾಡಬಹುದು. ತೊಡಿ ಚರ್ಮದಿಂದ ಬಣ್ಣದ ಕಣ ತಗದು ಬೆರಳಿಗೆ ನಾಟಿ ಮಾಡ್ತೇವಿ. ಕೂಡಿದ್ರ ಛಲೋ ಕೂಡ್ತಾವು." ಸಸಿ ನಾಟಿ ಗೊತ್ತಿತ್ತು, ಬಣ್ಣದ ನಾಟಿಯೂ ಉಂಟೆಂದು ಅಂದೇ ತಿಳಿಯಿತು. ಮದುವೆ ಇನ್ನೂ ದೂರವಿತ್ತು. ಅರಿಷಿಣ ಹಚ್ಚುವ ಆಸೆಯನ್ನು ಡಾಕ್ಟರಮ್ಮನಿಗೆ ಹೇಳಿ, ಹೂಂ ಎಂದೆ. ನಾಟಿ ಮಾಡಿ, ಪಟ್ಟಿ ಸುತ್ತಿ, "ಪಟ್ಟಿ ಬಿಚ್ಚೂತನಕ ನೀರು ತಾಗಸಬ್ಯಾಡ್ರಿ, ಬೆರಳು ಮಡಚಬ್ಯಾಡ್ರಿ" ಎಂದು ತಾಕೀತು ಮಾಡಿ ಕಳಿಸಿದರು.

ಮನೆಗೆ ಬಂದು ಮುಟ್ಟಿದ್ದೇ ತಡ, ಬೀಗರ ಫೋನು. ಗಂಡಿನ ಅಜ್ಜನಿಗೆ ಆರಾಮಿಲ್ಲ, ಉಸಿರು ಯಾವಾಗ ನಿಲ್ಲುತ್ತದೋ ಹೇಳಲಾಗದು, ಮೊಮ್ಮಗನ ಮದುವೆ ನೋಡಿಯೇ ಕಣ್ಣು ಮುಚ್ಚುತ್ತೇನೆ ಎನ್ನುತ್ತಿದ್ದಾನೆ, ಈ ವಾರವೇ ಅಕ್ಷತೆ ಹಾಕಿಬಿಡೋಣ ಎಂದರು. (ಅಜ್ಜ ಮದುವೆಯಲ್ಲಿ ಹೋಳಿಗೆಯ ಮೇಲೆ ತುಪ್ಪ ಸಾಲದೆಂದು ಜಗಳ ತೆಗೆದ. ಈಗಲೂ ಗಟ್ಟಿಮುಟ್ಟಾಗಿದ್ದಾನೆ.) ಹೀಗೆ ಅರಿಷಿಣದ ದಿನ ನಾನು ಬಲಗೈಗೆ ಪಟ್ಟಿ ಸುತ್ತಿಕೊಂಡೇ ಗರಗದಲ್ಲಿ ಇಳಿದೆ. ಕೀಲಿ ಎಲ್ಲಿ ಎಂದು ನಾನೇ ಕೇಳುವವಳಿದ್ದೆ. ಗಂಗಕ್ಕ ನನ್ನ ಕೈ ನೋಡಿದಳು, ರೆಪ್ಪೆ ನೋಡಿದಳು. ಮುಖ ಅರಳಿತು. ಬಿಳುಪು ಎಲ್ಲೂ ಕಾಣುತ್ತಿರಲಿಲ್ಲವಲ್ಲ! ನಾನು ಬಾಯಿ ತೆಗೆಯುವುದರೊಳಗೆ ನೆರೆದ ಹೆಂಗಸರಿಗೆಲ್ಲ ಕೇಳುವಂತೆ ಸಾರಿದಳು: "ಅಯ್ಯ, ಮಗಳ ಮದುವಿಗೆ ಕರ್ಚಿಕಾಯಿ ಕರಿಯೂಮುಂದ ಕಾದ ಎಣ್ಣಿ ಬಿದ್ದೈತ್ರೆವಾ! ಅಂಥಾ ಕೈ ತಗೊಂಡು ಬಂದಾಳ ನೋಡ್ರಿ, ಕರಳು ಅಂದ್ರ ಇದು. ಬಾರವಾ, ಮೊದಲ ಅರಿಷಿಣ ನಿಂದ!"

ವರ್ಷಗಟ್ಟಲೆ ಬಯಸಿದ ಮಾತು. ಅದನ್ನು ಕೇಳಿದ ಹೊತ್ತಿಗೆ ನನ್ನ ಬೆರಳಲ್ಲಿ ಹಸಿ ನಾಟಿ. ಎಡಗೈಯಿಂದ ಹಚ್ಚೋಣವೆಂದರೆ ಶುಭಕಾರ್ಯಕ್ಕೆ ಎಡಗೈ ಮುಂದೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ಮಣೆಯ ಮೇಲೆ ಕೂತಿದ್ದ ವಿದ್ಯಾ ಎಲ್ಲ ಬಲ್ಲವಳು. ಮೆಲ್ಲಗೆ, "ಬ್ಯಾಡ ಚಿಗವ್ವ, ಕೈ ಕೆಡತೈತಿ" ಎಂದಳು. ಹಾಗೆ ಹೇಳುತ್ತಲೇ ಕೆನ್ನೆಯನ್ನು ನನ್ನ ಕಡೆ ತಿರುಗಿಸಿದಳು. ನಾನು ಪಟ್ಟಿಯ ಸಮೇತ ಕೈಯನ್ನು ಅರಿಷಿಣದ ಬಟ್ಟಲಲ್ಲಿ ಅದ್ದಿದೆ. ಕೆನ್ನೆಗೆ, ಗದ್ದಕ್ಕೆ, ತೋಳಿಗೆ, ಪಾದಕ್ಕೆ ಹಚ್ಚಿದೆ. ಅಕ್ಕ ಇದ್ದಿದ್ದರೆ ಎಂದು ನೆನೆದು ಬಿಕ್ಕಿ ಬಿಕ್ಕಿ ಅತ್ತೆ. ಸುತ್ತಲಿನವರು, ಪಾಪ, ಸುಟ್ಟ ಕೈ ಉರಿಯುತ್ತಿರಬೇಕು ಎಂದುಕೊಂಡರು.

ಪಟ್ಟಿ ಬಿಚ್ಚಿದ ಡಾಕ್ಟರಮ್ಮ ತಲೆಗೆ ಕೈ ಹಚ್ಚಿ ಕೂತರು. ಕೀವಾಗಿತ್ತು, ನಾಟಿ ಪೂರಾ ಹೋಗಿತ್ತು.

"ಅರಿಷಿಣ ಹಚ್ಚಾಕಂತನ ಅಲ್ಲೇನ್ರಿ ನೀವು ಆಪರೇಶನ್ ಮಾಡಿಸಿಕೊಂಡಿದ್ದು?"

"ಹೌದ್ರಿ."

"ಮತ್ತ ಇದೇನ್ರಿ?"

"ಹಚ್ಚಿದೆ ಅಲ್ರಿ," ಎಂದೆ.

ಗಾಯ ಮಾಯ್ದ ಮೇಲೆ ಬೆರಳುಗಳು ಮೊದಲಿಗಿಂತ ಬೆಳ್ಳಗಾಗಿ ನಿಂತವು. ಆದರೆ ವೈದ್ಯಕೀಯಕ್ಕೆ ಸಾಧ್ಯವಾಗದ್ದು ಗಂಗಕ್ಕನ ಒಂದು ಸುಳ್ಳಿಗೆ ಸಾಧ್ಯವಾಗಿತ್ತು. ನನ್ನದೀಗ ತೊನ್ನಲ್ಲ, ಸುಟ್ಟ ಕಲೆ. ಮಾನವಂತ ಗಾಯ. ಎಲ್ಲ ಕಾರ್ಯಕ್ಕೂ ಕರೆ ಬರತೊಡಗಿತು. ಸುಳ್ಳೆಂದು ಹೇಳಬೇಕು, ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ವಿದ್ಯಾ ಫೋನು ಮಾಡಿದಳು. ಆಗ ಅವಳು ಬಸುರಿ. "ಚಿಗವ್ವ, ನಮ್ಮತ್ತಿಯವರು ನಾಳೆ ನಿನ್ನ ನೋಡಾಕ ಬರತಾರ. ನಿನ್ನ ಕೈ ಬಗ್ಗೆ ಯಾರೋ ಏನೋ ಅಂದಾರಂತ. ಮನೆತನದಾಗ ಬರೋದೇನು, ಕೂಸಿಗೂ ಬರತೈತೇನು ಅಂತ ಕೇಳಾಕತ್ತಾರ. ನಾ ಎಣ್ಣಿ ಅಂತ ಹೇಳೇನಿ. ನೀನೂ ಹಂಗ ಹೇಳವಾ, ನಿನ್ನ ಕಾಲಿಗೆ ಬೀಳ್ತೇನಿ." ನನ್ನ ಕೈತುತ್ತು ಉಂಡು ಬೆಳೆದವಳು! ಸಿಟ್ಟು ಬಂತು, ಅಳುವೂ ಬಂತು. "ಆತವಾ, ಹೇಳ್ತೇನಿ ತಗೋ" ಎಂದೆ.

ಮರುದಿನ ಆಕೆಯ ಅತ್ತೆ ಬಂದರು. ಕೆಟ್ಟವರೇನಲ್ಲ. ಚಹಾ ಕುಡಿದು, ಹತ್ತಿರ ಸರಿದು, ನನ್ನ ಬೆರಳುಗಳನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಭಾಳ ಸುಟ್ಟಿತ್ತೇನ್ರಿ?" ಎಂದು ಸವರಿದರು. ನಾನು ಶುರು ಮಾಡಿದೆ. ಎಣ್ಣೆ ಎಷ್ಟು ಕಾದಿತ್ತು, ಬಾಣಲೆ ಯಾವ ಕಡೆ ವಾಲಿತು, ಬೊಬ್ಬೆ ಹೇಗೆ ಎದ್ದವು, ಎಲ್ಲ ಹೇಳಿದೆ. ಮನೆಯವರು ಬಾಗಿಲಲ್ಲಿ ನಿಂತು ಸಾಕೆಂದು ಸನ್ನೆ ಮಾಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ರೆಪ್ಪೆಗೆ ಬಣ್ಣ ಬಂದ ದಿನವೂ ಹೊರಗಿನವರು ಯಾರೂ ಈ ಬೆರಳುಗಳನ್ನು ಹೀಗೆ ಹಿಡಿದಿರಲಿಲ್ಲ. ಆಕೆ ಕೈ ಬಿಡುವ ತನಕ ಕಥೆ ಮುಗಿಸಲು ನನಗೆ ಮನಸ್ಸೇ ಬರಲಿಲ್ಲ.