ಮಂಗಳವಾರದ ಸುವರ್ಣಯುಗ

ಈ ಊರು ಹಿಂದೊಮ್ಮೆ ಸ್ವತಂತ್ರ ಗಣರಾಜ್ಯವಾಗಿತ್ತು. ಅದು ಒಂದು ಸೋಮವಾರ ಬೆಳಿಗ್ಗೆ ಸ್ಥಾಪನೆಯಾಗಿ, ಅದೇ ವಾರದ ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಪತನಗೊಂಡಿತು. ಇದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಪತನವಾದದ್ದು ಊಟಕ್ಕೆ ಮೊದಲೋ ಊಟವಾದ ಮೇಲೋ ಎಂಬುದರ ಬಗ್ಗೆ ಮಾತ್ರ ಎರಡು ಪಂಥಗಳಿವೆ.

ಈ ಇತಿಹಾಸವನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ಇಡೀ ವರ್ಷ ಬೋಧಿಸತಕ್ಕದ್ದು ಎಂದು ಶಿಕ್ಷಣ ಇಲಾಖೆ ಆದೇಶ ಹೊರಡಿಸಿತು. ಜಾಗ ಸಾಲದ್ದರಿಂದ ಶತಮಾನಗಟ್ಟಲೆ ಆಳಿದ ಸಾಮ್ರಾಜ್ಯಗಳನ್ನೆಲ್ಲ ಒಟ್ಟಿಗೆ ಒಂದು ಪುಟಕ್ಕೆ ಇಳಿಸಲಾಯಿತು. ಇಲಾಖೆ ಕೊಟ್ಟ ಕಾರಣ ನ್ಯಾಯವಾಗಿಯೇ ಇತ್ತು. ಬಹಳ ಕಾಲ ಆಳಿದವರು ಆಳುವಾಗಲೇ ತಮ್ಮ ಪಾಲಿನ ಕೀರ್ತಿಯನ್ನು ಉಂಡು ತೇಗಿರುತ್ತಾರೆ. ಅಲ್ಪಾಯುಷಿಗಳಿಗೆ ಪುಸ್ತಕದಲ್ಲಾದರೂ ಆಯುಸ್ಸು ಕೊಡುವುದು ನಾಗರಿಕ ಸರ್ಕಾರದ ಕರ್ತವ್ಯ.

ಪಠ್ಯಪುಸ್ತಕವನ್ನು ಒಂದು ಸಮಿತಿ ಬರೆಯಿತು. ಯಾವುದೇ ರಾಜ್ಯಕ್ಕೆ ಉದಯ, ಸುವರ್ಣಯುಗ, ಅವನತಿ ಎಂಬ ಮೂರು ಘಟ್ಟಗಳಿರಬೇಕೆಂಬುದು ಸಮಿತಿಯ ನಿಯಮ. ಸೋಮವಾರ ಉದಯಕ್ಕೆ ಬೇಕಾಯಿತು. ಬುಧವಾರದಿಂದ ಅವನತಿ ಶುರುವಾಗದಿದ್ದರೆ ಗುರುವಾರದೊಳಗೆ ಮುಗಿಯುವಂತಿರಲಿಲ್ಲ. ಹೀಗಾಗಿ ಸುವರ್ಣಯುಗ ಮಂಗಳವಾರದ ಪಾಲಿಗೆ ಬಂತು. ಆ ಯುಗದ ವಾಸ್ತುಶಿಲ್ಪಕ್ಕೆ ಒಂದು ಅಧ್ಯಾಯವಿತ್ತು. ಚೌಕದಲ್ಲಿ ಅಂದು ಒಂದು ಕಲ್ಲುಬೆಂಚು ಹಾಕಿದ್ದರು. ಗದ್ಯಸಾಹಿತ್ಯಕ್ಕೆ ಇನ್ನೊಂದು ಅಧ್ಯಾಯವಿತ್ತು. ಬೆಂಚಿನ ಪಕ್ಕದಲ್ಲಿ 'ಇಲ್ಲಿ ಉಗುಳಬಾರದು' ಎಂದು ಬರೆಸಿದ್ದರು. ಈ ವಾಕ್ಯದ ಸಂಯಮ, ಲಯ ಮತ್ತು ನೈತಿಕ ದೃಷ್ಟಿಯನ್ನು ಚರ್ಚಿಸಿ ಎಂಬುದು ಪರೀಕ್ಷೆಗೆ ಬರುವ ಪ್ರಶ್ನೆ.

ಕೊನೆಯ ಅಧ್ಯಾಯದಲ್ಲಿ ಸೇತುವೆಯ ಮೇಲೆ ಘನಘೋರ ಯುದ್ಧ ನಡೆದು, ಹೆಸರು ಲಭ್ಯವಿಲ್ಲದ ಒಬ್ಬ ವೀರ ಸೇನಾಪತಿ ಬಾವುಟವನ್ನು ಎದೆಗವಚಿಕೊಂಡು ಪ್ರಾಣಬಿಡುತ್ತಿದ್ದ.

ಈ ಪಾಠ ಮಾಡುವ ಭಾಗ್ಯ ಒಬ್ಬ ಟೀಚರಮ್ಮನ ಪಾಲಿಗೆ ಬಂದಿತ್ತು. ಅವಳಿಗೆ ಕೆಲಸದಲ್ಲಿ ನಿಷ್ಠೆ ಇತ್ತು. ಕೆಲಸವೇ ಇನ್ನೂ ಕಾಯಂ ಆಗಿರಲಿಲ್ಲ, ಹಾಗಾಗಿ ನಿಷ್ಠೆ ಸ್ವಲ್ಪ ಹೆಚ್ಚೇ ಇತ್ತು. ಮಳೆಗಾಲ ಮುಗಿದರೂ ಅವಳ ತರಗತಿ ಇನ್ನೂ ಸೋಮವಾರ ಸಂಜೆಯನ್ನು ದಾಟಿರಲಿಲ್ಲ. ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ಸಿದ್ಧಿಸಿಕೊಂಡಿದ್ದರು.

ಆಗ ಇಲಾಖೆಯಿಂದ 'ಸಜೀವ ಸಾಕ್ಷಿ ಯೋಜನೆ' ಬಂತು. ಗಣರಾಜ್ಯವನ್ನು ಕಣ್ಣಾರೆ ಕಂಡವರು ಯಾರಾದರೂ ಉಳಿದಿದ್ದರೆ ಅವರನ್ನು ತರಗತಿಗೆ ಕರೆತಂದು ಮಾತಾಡಿಸಬೇಕು. ಟೀಚರಮ್ಮನಿಗೆ ಹುಡುಕುವ ಕಷ್ಟ ಬೀಳಲಿಲ್ಲ. ಸಾಕ್ಷಿ ಅವಳ ಮನೆಯ ಅಡುಗೆಮನೆಯಲ್ಲೇ ಕೂತು, ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕುತ್ತಾಳೆಂದು ದಿನಾ ಸಾಕ್ಷಿ ಹೇಳುತ್ತಿತ್ತು. ಗಣರಾಜ್ಯ ಆದಾಗ ಅತ್ತೆಗೆ ಏಳು ವರ್ಷ.

ಅತ್ತೆ ಒಗೆದ ಸೀರೆ ಉಟ್ಟು, ತಲೆ ಬಾಚಿ ಬಂದರು. ಹಿಂದಿನ ಬೆಂಚಿನಲ್ಲಿ ಇಲಾಖೆಯ ಪರಿವೀಕ್ಷಕರು ಪಠ್ಯಪುಸ್ತಕ ಬಿಡಿಸಿಕೊಂಡು ಕೂತರು. ಪಕ್ಕದಲ್ಲಿ ಹೆಡ್‌ಮಾಸ್ಟರು, ಅವರು ಹೂಂ ಅಂದಾಗ ಹೂಂ ಅನ್ನಲು.

"ಗಣರಾಜ್ಯ ಶುರುವಾಗಿದ್ದೇ ನಮ್ಮಪ್ಪನ ಹೊಲಿಗೆ ಅಂಗಡಿ ಮುಂದೆ," ಎಂದರು ಅತ್ತೆ. "ಹಳೇ ಸರ್ಕಾರದೋರು ಓಡಿಹೋಗಿದ್ರು, ಹೊಸಬರು ಇನ್ನೂ ಬಂದಿರ್ಲಿಲ್ಲ. ನಡುವೆ ಸುಮ್ನೆ ಯಾಕಿರೋದು ಅಂತ ಮಾಡಿದ್ರು. ಬಾವುಟ ನಮ್ಮಪ್ಪ ಹೊಲಿದ. ಅಧ್ಯಕ್ಷ ಹಲ್ಲಿನ ಡಾಕ್ಟ್ರು."

"ಅವರೇ ಯಾಕಜ್ಜಿ?" ಎಂದು ಒಂದು ಹುಡುಗಿ ಕೇಳಿದಳು. ಆ ವರ್ಷ ಆ ತರಗತಿಯಲ್ಲಿ ಯಾರಾದರೂ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಅಧ್ಯಕ್ಷ ಅಂದ್ಮೇಲೆ ಕುರ್ಚಿ ಬೇಕಲ್ವಾ ಮಗಾ. ಊರಲ್ಲಿ ಏರೋ ಇಳಿಯೋ ಕುರ್ಚಿ ಇದ್ದಿದ್ದು ಅವರೊಬ್ರ ಹತ್ರ."

ಮಕ್ಕಳು ಪೂರ್ತಿ ಎಚ್ಚರಗೊಂಡರು. ಟೀಚರಮ್ಮನಿಗೆ ಎದೆ ತುಂಬಿ ಬಂತು. ಅತ್ತೆಗೂ ಹುರುಪು ಬಂದು, ಗುರುವಾರದ ಕಥೆಗೆ ಕೈಹಾಕಿದರು. ಹೊಸ ಸರ್ಕಾರದ ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದಾಗ ಅವನ ಕೆನ್ನೆ ಕುಂಬಳಕಾಯಿಯಂತೆ ಊದಿಕೊಂಡಿತ್ತು. ರಾಷ್ಟ್ರಾಧ್ಯಕ್ಷರು ಅವನನ್ನು ಅಧಿಕಾರಪೀಠದಲ್ಲಿ ಮಲಗಿಸಿ, ಬಾಯಿ ತೆರೆಸಿ, ದವಡೆಹಲ್ಲು ಕಿತ್ತರು. ಬಾಯಿತುಂಬ ಹತ್ತಿ ತುಂಬಿಕೊಂಡಿದ್ದ ಅಧಿಕಾರಿ ಏನೋ ಅಂದ. ಅದು 'ನಿಮ್ಮನ್ನು ವಶಪಡಿಸಿಕೊಂಡಿದ್ದೇನೆ' ಎಂದೋ 'ನೋವು ಕಮ್ಮಿಯಾಯಿತು' ಎಂದೋ ಯಾರಿಗೂ ತಿಳಿಯಲಿಲ್ಲ. ಎರಡಕ್ಕೂ ಸರಿಹೋಗಲಿ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಗಣರಾಜ್ಯ ಮುಗಿಯಿತು.

"ಬಾವುಟ ಏನಾಯ್ತಜ್ಜಿ?"

"ಒಳ್ಳೇ ಬಟ್ಟೆ, ಯಾಕೆ ಹಾಳು ಮಾಡ್ಬೇಕು ಅಂತ ನಮ್ಮಪ್ಪ ನಂಗೊಂದು ಲಂಗ ಹೊಲಿದುಕೊಟ್ಟ. ಇಲ್ನೋಡು." ಅತ್ತೆ ಚೀಲದಿಂದ ಪುಟ್ಟ ಲಂಗವೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಮಕ್ಕಳು ಬೆಂಚು ಹತ್ತಿ ನಿಂತು ನೋಡಿದರು.

ಪರಿವೀಕ್ಷಕರು ಎದ್ದುಬಂದು ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಬಾವುಟಕ್ಕೆ ಲಾಡಿ ಇರಲ್ಲ," ಎಂದು ತೀರ್ಪುಕೊಟ್ಟು ಕೆಳಗಿಟ್ಟರು. ಆಮೇಲೆ ಕೇಳಿದರು: "ಸೇನಾಪತಿ ವಿಷಯ ಹೇಳಲೇ ಇಲ್ಲವಲ್ಲ ತಾಯಿ?"

"ಯಾವ ಸೇನಾಪತಿ?"

"ಕೊನೇ ಅಧ್ಯಾಯದವನು."

"ಪುಸ್ತಕ ನಾನು ಓದಿಲ್ಲಪ್ಪ."

"ಓದದೇ ಸಾಕ್ಷಿ ಹೇಳೋಕೆ ಬಂದ್ರಾ?" ಪರಿವೀಕ್ಷಕರ ದನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ಹೆಡ್‌ಮಾಸ್ಟರು ಹೂಂ ಅಂದರು.

ಮುಂದಿನ ವಾರವೇ ಸುತ್ತೋಲೆ ಬಂತು. 'ಪ್ರತ್ಯಕ್ಷದರ್ಶಿಗಳು ತಾವು ಕಂಡದ್ದನ್ನು ಪಠ್ಯಪುಸ್ತಕದೊಂದಿಗೆ ತಾಳೆ ನೋಡಿಕೊಂಡು, ವ್ಯತ್ಯಾಸ ಕಂಡುಬಂದಲ್ಲಿ ಕಂಡದ್ದನ್ನು ತಿದ್ದಿಕೊಳ್ಳತಕ್ಕದ್ದು. ಇನ್ನು ಮುಂದೆ ಪ್ರತ್ಯಕ್ಷದರ್ಶಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಏನನ್ನೂ ಕಂಡಿರುವಂತಿಲ್ಲ. ಸಾಕ್ಷಿಯು ತೇರ್ಗಡೆಯಾಗುವವರೆಗೆ, ಸಾಕ್ಷಿಯನ್ನು ಕರೆತಂದ ಶಿಕ್ಷಕರ ಕಾಯಮಾತಿಯನ್ನು ತಡೆಹಿಡಿಯಲಾಗಿದೆ.'

ಅತ್ತೆ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದರು. ಸೊನ್ನೆ ಬಂತು. ಉತ್ತರಪತ್ರಿಕೆಯ ಅಂಚಿನಲ್ಲಿ ಮೌಲ್ಯಮಾಪಕರು ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಕಲ್ಪನಾಶಕ್ತಿ ಚೆನ್ನಾಗಿದೆ. ಘಟನೆ ನಡೆದ ಸ್ಥಳದ ಪರಿಚಯ ಸಾಲದು.'

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಆ ಮನೆಯಲ್ಲಿ ಅಕ್ಷರಶಃ ಜಾರಿಗೆ ಬಂತು. ಸಂಜೆಯಾದರೆ ಸೊಸೆ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಲ್ಲುವಳು. ಅತ್ತೆ ಮಣೆಯ ಮೇಲೆ ಕೂತು ಪಾಠ ಒಪ್ಪಿಸಬೇಕು.

"ಸುವರ್ಣಯುಗದ ಮೂರು ಲಕ್ಷಣ ಹೇಳಿ ಅತ್ತೆ."

"ಮಂಗಳವಾರ ನಂಗೆ ಜ್ವರ ಕಣೇ."

"ಹಾಗಂತ ಬರೀಬೇಡಿ! ಕಲೆ, ಸಾಹಿತ್ಯ, ವಾಸ್ತುಶಿಲ್ಪ."

ಗಂಡ ಬಾಗಿಲಲ್ಲಿ ಇಣುಕಿ, ಇಬ್ಬರ ಮುಖವನ್ನೂ ನೋಡಿ, ಪಾತ್ರೆ ತೊಳೆಯಲು ಹೋಗುತ್ತಿದ್ದ. ಮದುವೆಯಾದಾಗಿನಿಂದ ಆ ಮನೆಯಲ್ಲಿ ಅಷ್ಟು ಶಾಂತಿ ಇದ್ದಿರಲಿಲ್ಲ.

ಕಲ್ಲುಬೆಂಚನ್ನು ಅತ್ತೆ ಒಪ್ಪಿದರು. ಉಗುಳಬಾರದು ಎಂಬುದರ ನೈತಿಕ ದೃಷ್ಟಿಯನ್ನೂ ಒಪ್ಪಿದರು. ಕೊನೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಪುಸ್ತಕ ಮುಚ್ಚಿಟ್ಟರು.

"ಇದು ನನ್ಕೈಲಾಗಲ್ಲಮ್ಮ. ಆವತ್ತು ರಾತ್ರಿಯೆಲ್ಲಾ ಕೂತು ಬಾವುಟ ಹೊಲಿದದ್ದು ನಮ್ಮಪ್ಪ. ಸೂಜಿ ಚುಚ್ಚಿ ಬೆರಳೆಲ್ಲಾ ರಕ್ತ. ಪುಸ್ತಕದಲ್ಲಿ ಉಗುಳೋ ಜಾಗಕ್ಕೆ ಅಧ್ಯಾಯ ಇದೆ, ಅವನಿಗೊಂದು ಸಾಲಿಲ್ಲ. ಯಾವನೋ ಊರಿಗೇ ಬರದೋನು ಅದನ್ನ ತಬ್ಬಿಕೊಂಡು ಸಾಯ್ತಾನಂತೆ."

ಟೀಚರಮ್ಮ ಸೌಟು ಕೆಳಗಿಟ್ಟಳು. ಅತ್ತೆ ಅಳುವುದನ್ನು ಅವಳು ಈರುಳ್ಳಿ ಹೆಚ್ಚುವಾಗ ಬಿಟ್ಟರೆ ನೋಡಿರಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಒಂದು ಕ್ಷಣ ಅನಿಸಿತು. ಮರುಕ್ಷಣ ಹಾಗನಿಸಲಿಲ್ಲ. ಅವಳು ಪುಸ್ತಕ ತೆಗೆದುಕೊಂಡು ಆ ಪುಟವನ್ನು ಮೊದಲಿನಿಂದ ನಿಧಾನವಾಗಿ ಓದಿದಳು.

"ಅತ್ತೆ, ಸೇನಾಪತಿ ಹೆಸರು ಲಭ್ಯವಿಲ್ಲ ಅಂತಿದೆ."

"ಇದ್ದರೆ ತಾನೇ ಲಭ್ಯ ಆಗೋಕೆ."

"ಊರು, ಮನೆತನ, ಕಸುಬು, ಯಾವುದೂ ಲಭ್ಯವಿಲ್ಲವಂತೆ. ಕಸುಬು ಹೊಲಿಗೆ ಅಂದ್ರೆ ಬೇಡ ಅನ್ನೋರು ಯಾರು?"

ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡರು.

"ಸತ್ತ ಅಂತ ಬರೀಬೇಕೇನೇ? ಆಮೇಲೆ ಎಷ್ಟೋ ವರ್ಷ ಬದುಕಿದ್ನಲ್ಲೇ. ನನ್ನ ಮದುವೇಲಿ ಬಡಿಸೋಕೆ ನಿಂತಿದ್ದ."

"ಅದೆಲ್ಲ ಪಠ್ಯಕ್ರಮದ ಹೊರಗೆ ಅತ್ತೆ."

"ಮೀಸೆ ಇತ್ತು ಅಂತ ಬರೀಬಹುದಾ?"

"ಅವರಿಗೆ ಮೀಸೆ ಇತ್ತಾ?"

"ಇರ್ಲಿಲ್ಲ. ಬಿಡಬೇಕು ಅಂತ ಬಹಳ ಆಸೆ ಇತ್ತು."

ಎರಡನೇ ಸಲದ ಪರೀಕ್ಷೆಯಲ್ಲಿ ಅತ್ತೆ ಕೊನೆಯ ಪ್ರಶ್ನೆಗೆ ಹೆಚ್ಚುವರಿ ಹಾಳೆ ಕೇಳಿ ಪಡೆದರು. ಸೇನಾಪತಿ ಸೂಜಿಗಿಂತ ಚೂಪಾದ ಮೀಸೆ ತಿರುವುತ್ತ, ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಬಾವುಟ ಹಿಡಿದು ಸೇತುವೆಯ ಮೇಲೆ ಒಬ್ಬನೇ ನಿಂತ. ಕೊನೆಯುಸಿರಿನಲ್ಲಿ ಮಗಳನ್ನು ನೆನೆದ. 'ಆ ಮಗಳೇ ನಾನು' ಎಂದು ಉತ್ತರ ಮುಗಿದಿತ್ತು. ಮೌಲ್ಯಮಾಪಕರು ಕಣ್ಣೀರಿಟ್ಟು ನೂರಕ್ಕೆ ನೂರು ಕೊಟ್ಟರು. ಟೀಚರಮ್ಮನ ಕೆಲಸ ಕಾಯಂ ಆಯಿತು. ಅತ್ತೆಗೆ 'ಅಧಿಕೃತ ಪ್ರತ್ಯಕ್ಷದರ್ಶಿ ಹಾಗೂ ಹುತಾತ್ಮಪುತ್ರಿ' ಎಂಬ ಬಿಲ್ಲೆ ಬಂತು. ಅದನ್ನು ಅವರು ತರಕಾರಿ ತರಲು ಹೋಗುವಾಗಲೂ ಹಾಕಿಕೊಳ್ಳತೊಡಗಿದರು. ಪುಸ್ತಕದ ಮರುಮುದ್ರಣದಲ್ಲಿ ಅಪ್ಪನಿಗೆ ಎರಡು ಪುಟ ಸಿಕ್ಕವು, ಮೀಸೆಯ ಚಿತ್ರದೊಂದಿಗೆ.

ಆಗ ಒಂದು ಸಣ್ಣ ತೊಡಕು ತಲೆದೋರಿತು. ಅತ್ತೆಗೊಬ್ಬ ತಮ್ಮನಿದ್ದ. ಪಕ್ಕದ ಬೀದಿಯಲ್ಲಿ ಕೊಡೆ ರಿಪೇರಿ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದ. ಅವನು ಹುಟ್ಟಿದ್ದು ಸೇತುವೆಯ ಯುದ್ಧ ಮುಗಿದು ಎರಡು ವರ್ಷದ ಮೇಲೆ, ಅಂದರೆ ಅಪ್ಪ ವೀರಮರಣವನ್ನಪ್ಪಿ ಎರಡು ವರ್ಷದ ಮೇಲೆ. ಇಲಾಖೆ ಅವನಿಗೆ ನೋಟಿಸು ಕಳಿಸಿತು: 'ತಮ್ಮ ಜನನವು ಪಠ್ಯಪುಸ್ತಕಕ್ಕೆ ವ್ಯತಿರಿಕ್ತವಾಗಿರುವುದರಿಂದ ಅದನ್ನು ಏಕೆ ರದ್ದುಪಡಿಸಬಾರದು ಎಂಬುದಕ್ಕೆ ಕಾರಣ ನೀಡುವುದು.'

ತಮ್ಮ ಸಾಧು ಮನುಷ್ಯ. ತನ್ನಿಂದ ಸರ್ಕಾರಕ್ಕೆ ತೊಂದರೆಯಾದದ್ದಕ್ಕೆ ಕ್ಷಮೆ ಕೋರಿ, ಹುಟ್ಟುವಾಗ ತಾನು ಚಿಕ್ಕವನಾದ್ದರಿಂದ ನಿಯಮ ತಿಳಿದಿರಲಿಲ್ಲವೆಂದು ಉತ್ತರ ಬರೆದ. ಅದನ್ನು ಹಿಡಿದು ಅಕ್ಕನ ಮನೆಗೂ ಬಂದ.

"ನೋಡಕ್ಕ, ನಿನ್ನ ಪರೀಕ್ಷೆಯಿಂದ ನಾನು ಹುಟ್ಟದಂಗಾಯ್ತು."

"ಸುಮ್ನಿರೋ, ನಿನ್ನ ಎತ್ತಿ ಆಡಿಸಿದ್ದು ನಾನು. ನಾನೀಗ ಅಧಿಕೃತ ಸಾಕ್ಷಿ. ಹುಟ್ಟಿದೀಯ ಅಂತ ನಾನು ಹೇಳಿದ್ರೆ ಹುಟ್ಟಿದೀಯ," ಎಂದು ಅತ್ತೆ ಬಿಲ್ಲೆ ಸರಿಮಾಡಿಕೊಂಡರು.

ಗಂಡನ ಸೋದರಮಾವನ ವಿಷಯದಲ್ಲಿ ಟೀಚರಮ್ಮನಿಗೂ ಸಂಕಟವಾಯಿತು. ಮರುದಿನ ಅತ್ತೆಯನ್ನು ಕರೆದುಕೊಂಡು ಇಲಾಖೆಗೆ ಹೋದಳು. ಪರಿವೀಕ್ಷಕರು ಎದ್ದುನಿಂತು ಹುತಾತ್ಮಪುತ್ರಿಗೆ ಕುರ್ಚಿ ಕೊಟ್ಟರು.

"ನಿಮ್ಮ ತಮ್ಮನ್ನ ಉಳಿಸಿಕೊಂಡ್ರೆ ಯುದ್ಧ ಹೋಗುತ್ತೆ ತಾಯಿ. ಯುದ್ಧ ಉಳಿಸಿಕೊಂಡ್ರೆ ತಮ್ಮ ಹೋಗ್ತಾರೆ. ನಮ್ಮ ಕೈ ಕಟ್ಟಿದೆ."

"ಯುದ್ಧಾನೇ ಸ್ವಲ್ಪ ಮುಂದಕ್ಕೆ ಹಾಕಿದ್ರೆ ಸರ್?" ಎಂದಳು ಟೀಚರಮ್ಮ. ಪರೀಕ್ಷೆಗಳನ್ನು ಮುಂದೂಡಿ ಅವಳಿಗೆ ಅಭ್ಯಾಸವಿತ್ತು.

ಪರಿವೀಕ್ಷಕರು ಬಹಳ ಹೊತ್ತು ಫ್ಯಾನು ನೋಡಿದರು. ಅವರ ಮುಖ ಮೆಲ್ಲಗೆ ಅರಳಿತು. ಮೂರು ದಿನದ ಗಣರಾಜ್ಯವನ್ನು ಇಡೀ ವರ್ಷ ಎಳೆಯಲಾಗುತ್ತಿಲ್ಲ ಎಂದು ಎಲ್ಲ ಶಾಲೆಗಳಿಂದಲೂ ದೂರು ಬರುತ್ತಿತ್ತು. ಹೀಗಾಗಿ ಇಲಾಖೆ ಪೂರ್ವಾನ್ವಯವಾಗುವಂತೆ ಗಣರಾಜ್ಯದ ಅವಧಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿತು. ಅತ್ತೆಯ ತಮ್ಮ ಸುವರ್ಣಯುಗದಲ್ಲಿ ಕ್ರಮಬದ್ಧವಾಗಿ ಹುಟ್ಟಿದ. ಸುವರ್ಣಯುಗ ಮಂಗಳವಾರವೇ ಇರತಕ್ಕದ್ದು, ಆದರೆ ಪ್ರತಿ ಮಂಗಳವಾರ ಎಂದು ತಿದ್ದುಪಡಿಯಾಯಿತು.

ಹೊಸ ವರ್ಷದ ಮೊದಲ ಪಾಠದ ದಿನ ಅತ್ತೆ ಮತ್ತೆ ತರಗತಿಗೆ ಬಂದರು. ಟೀಚರಮ್ಮ ಹಲಗೆಯ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಒಬ್ಬ ಹುಡುಗ ಎದ್ದುನಿಂತ.

"ಅಜ್ಜಿ, ಗಣರಾಜ್ಯದಲ್ಲಿ ನೀವು ಶಾಲೆಗೆ ಹೋಗ್ತಿದ್ರಾ?"

ಮೂರು ವರ್ಷವೆಂದ ಮೇಲೆ ಶಾಲೆ ಇರಲೇಬೇಕು. ಅತ್ತೆ ಒಂದಿಷ್ಟೂ ತಡವರಿಸಲಿಲ್ಲ.

"ಹೋಗದೇ ಏನು! ಬಹಳ ಒಳ್ಳೇ ಶಾಲೆ. ಎಲ್ಲಾ ಪಾಠ ಮಾಡ್ತಿದ್ರು, ಇತಿಹಾಸ ಒಂದು ಬಿಟ್ಟು."

"ಇತಿಹಾಸ ಯಾಕಿರ್ಲಿಲ್ಲ?"

"ಹೆಂಗಿರುತ್ತೆ ಮಗಾ? ಪುಸ್ತಕ ಅಚ್ಚಾಗಿ ಬಂದಿದ್ದೇ ಮೊನ್ನೆ ಅಲ್ವಾ."

ಹಿಂದಿನ ಬೆಂಚಿನಲ್ಲಿ ಪರಿವೀಕ್ಷಕರು ಹೂಂ ಅಂದರು, ಹೆಡ್‌ಮಾಸ್ಟರು ಹೂಂ ಅಂದರು. ಟೀಚರಮ್ಮ ತಿರುಗಿ ಆ ಉತ್ತರವನ್ನು ಹಲಗೆಯ ಮೇಲೆ ದುಂಡಗೆ ಬರೆದಳು. ಮಕ್ಕಳು ಅದನ್ನು ನೋಟ್ಸಿಗೆ ಇಳಿಸಿಕೊಂಡು, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದರು.