ಅಮ್ಮನ ಫೋನು ಅಲ್ಲಾಡಿದಾಗ

ನಗಬೇಡಿ, ಪೂರ್ತಿ ಕೇಳಿ. ನನ್ನ ಆ್ಯಪ್‌ನಲ್ಲಿ ತಪ್ಪು ಹುಡುಕುವವನು ಇನ್ನೂ ಹುಟ್ಟಿಲ್ಲ ಅಂತ ಆಫೀಸಿನಲ್ಲಿ ಎದೆ ತಟ್ಟಿಕೊಂಡವನು ನಾನು! ಆ್ಯಪ್ ಇಷ್ಟೇ: ಆಪತ್ತು ಬಂದರೆ ಫೋನನ್ನು ಜೋರಾಗಿ ಅಲ್ಲಾಡಿಸಬೇಕು, 'ನಾನು ಅಪಾಯದಲ್ಲಿದ್ದೇನೆ, ಬೇಗ ಬನ್ನಿ' ಅಂತ ನಮ್ಮವರಿಗೆ ಮೆಸೇಜು ಹೋಗುತ್ತದೆ. ಕಂಪ್ಯೂಟರಿನೊಳಗಿನ ಸುಳ್ಳು ಫೋನಿನಲ್ಲಿ ಪಟ್ಟದ ಕುದುರೆಯ ಹಾಗೆ ಓಡಿತ್ತು.

ನಮ್ಮ ಟೀಮಿನ ಲೀಡ್ ಮೇಡಂ ಕರಗಲಿಲ್ಲ. "ನಿಜವಾದ ಫೋನಲ್ಲಿ ಓಡಿಸಿ ತೋರ್ಸು. ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಇದನ್ನ ಬೇರೆಯವರಿಗೆ ಕೊಡ್ತೀನಿ."

ಅವತ್ತು ಮನೆಯಿಂದಲೇ ಕೆಲಸ. ಅಮ್ಮನ ಫೋನಿಗೆ ಆ್ಯಪ್ ತುಂಬಿ, ಪುರುಸೊತ್ತಾದಾಗ ಒಂದು ಸಲ ಅಲ್ಲಾಡಿಸು ಅಂತ ಹೇಳಿ, ರೂಮು ಸೇರಿ ಕಿವಿಗೆ ಹೆಡ್‌ಫೋನ್ ಏರಿಸಿದೆ.

ಮೆಸೇಜು ಬಂತು. ಗೆದ್ದೆ! ಹೆಬ್ಬೆರಳಿನ ಚಿತ್ರ ಕಳಿಸಿದೆ. ಮತ್ತೆ ಬಂತು, ಮತ್ತೊಂದು ಹೆಬ್ಬೆರಳು. ಮತ್ತೆ, ಮತ್ತೆ. ಒಂದು ಸಲ ಅಂದರೆ ಅಮ್ಮ ಇಷ್ಟೊಂದು ಸಲವೇ? ಕೋಡೆಲ್ಲ ಜಾಲಾಡಿದೆ, ತಲೆಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲು ಮುರಿಯುವ ಹಾಗೆ ಬಡಿತ. ತೆಗೆದರೆ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಶೂ ಹಾಕಿಕೊಂಡ ಚಿಕ್ಕಪ್ಪ. ಹಿಂದೆ ಸ್ಪ್ಯಾನರ್ ಎತ್ತಿ ಹಿಡಿದ ಪ್ಲಂಬರ್. ಅವನ ಹಿಂದೆ ಕುತ್ತಿಗೆಯ ಟೇಪೂ ತೆಗೆಯದೆ ಓಡಿಬಂದ ಟೈಲರ್ ಅಕ್ಕ.

"ಅತ್ತಿಗೆ ಎಲ್ಲೋ?"

"ಅಡುಗೆಮನೇಲಿರ್ಬೇಕು."

"ಇರ್ಬೇಕಾ?"

ಆಗ ಹೊಳೆಯಿತು. ಸುಳ್ಳು ಫೋನಿನಲ್ಲಿದ್ದದ್ದು ನನ್ನ ನಂಬರೊಂದೇ, ಅದಕ್ಕೇ ಕೋಡಿನಲ್ಲಿ 'ಎಲ್ಲರಿಗೂ ಕಳಿಸು' ಅಂತ ಬರೆದಿದ್ದೆ. ಅಮ್ಮನ ಫೋನಿನಲ್ಲಿ ಊರಿಗೆ ಊರೇ ಇತ್ತು! ಆದರೆ ಅಮ್ಮ ಅಡುಗೆಮನೆಯಲ್ಲಿರಲಿಲ್ಲ. ಕರೆದರೆ ಓಗೊಡಲಿಲ್ಲ. ಎಲ್ಲರ ಜೇಬಿನಲ್ಲೂ ಒಟ್ಟಿಗೆ ಇನ್ನೊಂದು ಮೆಸೇಜು ಕಿಣಿಗುಟ್ಟಿತು. ಅಮ್ಮನ ನಂಬರಿಗೆ ಫೋನ್ ಹಚ್ಚಿದೆ. ಬಚ್ಚಲಿನಿಂದ ರಿಂಗು ಕೇಳಿಸಿತು.

ನುಗ್ಗಿ ನೋಡಿದರೆ, ಬಟ್ಟೆ ಹಿಂಡುತ್ತ ಗಡಗಡ ನಡುಗುವ ವಾಷಿಂಗ್ ಮಷಿನ್. ಅದರ ನೆತ್ತಿಯ ಮೇಲೆ ಕುಣಿಯುತ್ತಿರುವ ಫೋನು!

ಟೆರೇಸಿನಲ್ಲಿ ಮೊದಲ ಸುತ್ತಿನ ಬಟ್ಟೆ ಹರವಿ, ಖಾಲಿ ಬಕೆಟ್ ಹಿಡಿದು ಅಮ್ಮ ಇಳಿದು ಬಂದಳು. "ಏನ್ರೋ ಇದು ಜಾತ್ರೆ? ಯಾರಿಗೇನಾಯ್ತು?"

ಅಷ್ಟರಲ್ಲಿ ಅವಳ ಫೋನಿಗೇ ಲೀಡ್ ಮೇಡಂ ಕರೆ. ನಾನು ಫೋನ್ ಎತ್ತದಿದ್ದಾಗ ವಿಚಾರಿಸಲು ಅಮ್ಮ ಆ ನಂಬರನ್ನೂ ಇಟ್ಟುಕೊಂಡಿದ್ದಳು. ಮೇಡಂ ಮೊದಲು ಅಮ್ಮನ ಆರೋಗ್ಯ ಕೇಳಿದರು. ಆಮೇಲೆ, ಆ್ಯಪ್ ಪಾಸ್, ಆದರೆ ಯಾರಿಗೆ ಕಳಿಸಬೇಕೆಂದು ಫೋನ್ ಯಾರದೋ ಅವರೇ ಆರಿಸಲಿ ಅಂದರು.

ಅಮ್ಮ ಮೆಸೇಜುಗಳನ್ನು ಓದಿದಳು. ಚಿಕ್ಕಪ್ಪ: ಬಂದೆ. ಪ್ಲಂಬರ್: ದಾರೀಲಿದ್ದೀನಮ್ಮ. ನನ್ನದು: ಸಾಲುಸಾಲು ಹೆಬ್ಬೆರಳು.

ಬಂದವರ ಕೈಕಾಲು ಹಿಡಿದು ಕಳಿಸಿ, ಸಂಜೆಯೊಳಗೆ ಆ್ಯಪ್ ತಿದ್ದಿ, ಹೆಸರು ಆರಿಸು ಅಂತ ಅಮ್ಮನಿಗೇ ಕೊಟ್ಟೆ. ಚಿಕ್ಕಪ್ಪನನ್ನು ಒತ್ತಿದಳು. ಟೈಲರ್ ಅಕ್ಕ, ಪ್ಲಂಬರ್, ಕೊನೆಗೆ ನಮ್ಮ ಮೇಡಂ ಕೂಡ ಸೇರಿದರು. ನನ್ನ ಹೆಸರಿನ ಮೇಲೆ ಬೆರಳು ನಿಂತಿತು, ಯೋಚಿಸಿತು, ಮುಂದೆ ಸರಿಯಿತು.

"ನೀನು ಬೇಡ ಬಿಡಪ್ಪ," ಅಂದಳು, "ಪಕ್ಕದ ರೂಮಿಂದ ಬರೋಷ್ಟರಲ್ಲಿ ಸುಸ್ತಾಗಿಬಿಡ್ತೀಯ."